ಮೊದಲಿನ ಹಾಗೇ ಇದ್ದಾರೆ

ಚೀಲದ ಜಿಪ್ಪು ಎಳೆದ ಸದ್ದಿಗೆ ಅವನಿಗೆ ಎಚ್ಚರವಾಯಿತು. ಕಣ್ಣು ತೆರೆಯದೆ, ಎದೆಯ ಮೇಲೆ ಕೈಯಿಟ್ಟುಕೊಂಡು ಹಾಗೇ ಕೇಳಿಸಿಕೊಂಡ. ಜಿಪ್ಪು ಅರ್ಧಕ್ಕೆ ನಿಂತಿತು, ಹಿಂದಕ್ಕೆ ಹೋಯಿತು, ಏನೋ ಬಟ್ಟೆಯನ್ನು ಒಳಕ್ಕೆ ಒತ್ತಿದಂತಾಯಿತು, ಮತ್ತೆ ಮುಂದಕ್ಕೆ ಬಂತು. ಇವತ್ತು ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ಇನ್ನೇನೂ ತೊಂದರೆಯಿಲ್ಲ ಎಂದರೆ ಅವನ ಹೆಂಡತಿ ಅಲ್ಲಿಂದ ಸೀದಾ ತನ್ನ ಅಕ್ಕನ ಮನೆಗೆ ಹೋಗುವುದೆಂದು ಗೊತ್ತಾಗಿತ್ತು. ಗೊತ್ತಾಗಿತ್ತು ಅಂದರೆ ಅವಳೇ ಗೊತ್ತುಮಾಡಿದ್ದಳು. ಹೋದ ವಾರ ಪಾತ್ರೆ ಒರೆಸುತ್ತ, ಪಾತ್ರೆಗೇ ಹೇಳುವವಳ ಹಾಗೆ, "ಚೆಕಪ್ ಮುಗಿದ್ಮೇಲೆ ನಾನು ಸ್ವಲ್ಪ ದಿನ ಅಕ್ಕನ ಮನೇಲಿ ಇರ್ತೀನಿ" ಎಂದಿದ್ದಳು. ಎಷ್ಟು ದಿನ ಎಂದು ಅವನು ಕೇಳಿದ್ದಕ್ಕೆ "ನೋಡೋಣ" ಎಂದಿದ್ದಳು. ಮದುವೆಯಾದಾಗಿನಿಂದ ಅಕ್ಕನ ಮನೆಯಲ್ಲಿ ಎರಡು ರಾತ್ರಿಗಿಂತ ಹೆಚ್ಚು ಉಳಿದವಳಲ್ಲ. ಗಿಡಕ್ಕೆ ನೀರಿಲ್ಲ, ಹೊಲಿಗೆ ಅರ್ಧಕ್ಕೆ ನಿಂತಿದೆ, ಅಂಗಡಿಯವರು ಹೊಲಿಯಲು ಕೊಟ್ಟ ಪರದೆ ಕೇಳುತ್ತಾರೆ ಎಂದು ನೆಪ ಹೇಳಿಕೊಂಡು ಓಡಿಬರುತ್ತಿದ್ದವಳು. ಈಗ ನೋಡೋಣ ಅಂತೆ. ಆ ಒಂದು ಮಾತನ್ನು ಅವನು ವಾರವೆಲ್ಲ ತಿರುಗಿಸಿ ಮುರುಗಿಸಿ ನೋಡಿದ್ದ. ಎಲ್ಲಿಂದ ಹಿಡಿದರೂ ಅದು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಆಪರೇಷನ್ ಆದಮೇಲೆ, ಬುದ್ಧಿ ನೆಟ್ಟಗಿಲ್ಲದ ದಿನಗಳಲ್ಲಿ, ತಾನು ಇವಳಿಗೆ ಏನೋ ಅಂದಿದ್ದೇನೆ.

ಏನಂದೆ? ಅದೇ ಗೊತ್ತಿಲ್ಲ. ಎದೆಯ ಮೂಳೆ ಸೀಳಿ, ಹೃದಯವನ್ನು ನಿಲ್ಲಿಸಿ, ಸುಣ್ಣಗಟ್ಟಿದ ಕವಾಟವನ್ನು ಕಿತ್ತು ಆ ಜಾಗದಲ್ಲಿ ಲೋಹದ್ದೊಂದನ್ನು ಕೂರಿಸಿ, ಇನ್ನು ಹೊಡೆದುಕೋ ಎಂದು ಹೃದಯಕ್ಕೆ ಅಪ್ಪಣೆ ಕೊಟ್ಟು ತಂತಿಯಲ್ಲಿ ಹೊಲಿದಿದ್ದರು. ಅದರಾಚೆಯ ಕೆಲವು ದಿನ ಅವನ ಪಾಲಿಗೆ ಇಲ್ಲವೇ ಇಲ್ಲ. "ದೊಡ್ಡ ಆಪರೇಷನ್ ಅಲ್ವಾ, ಕೆಲವರಿಗೆ ಬುದ್ಧಿ ಕಲಸಿಹೋಗುತ್ತೆ, ಏನೇನೋ ಮಾತಾಡ್ತಾರೆ, ನೀವು ಮನಸ್ಸಿಗೆ ಹಚ್ಕೋಬೇಡಿ" ಎಂದು ಮನೆಗೆ ಕಳಿಸುವ ದಿನ ಡಾಕ್ಟರು ಹೇಳಿದ್ದು ಅವನಿಗಲ್ಲ, ಅವಳಿಗೆ. ಹಚ್ಚಿಕೊಳ್ಳುವಂಥದು ಏನೋ ಇದ್ದದ್ದರಿಂದಲೇ ಹಾಗೆಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ ಅವನದು, ಆದರೆ ಕದ್ದದ್ದೇನೆಂದೇ ತಿಳಿಯದು. ಆ ದಿನಗಳಿಂದ ಉಳಿದಿರುವುದು ಒಂದೇ. ಹಾಸಿಗೆಯ ಪಕ್ಕದಲ್ಲಿ ಒಂದು ಬೆಂಚು, ಅದರ ಮೇಲೆ ಒಬ್ಬಳು ಹೆಂಗಸು. ಮುಖವಿಲ್ಲ. ತೊಡೆಯ ಮೇಲಿನ ಗಂಟನ್ನು ಎರಡು ಕೈಯಿಂದ ಹಿಡಿದುಕೊಂಡು ಯಾವುದೋ ಗಾಡಿಗೆ ಕಾಯುತ್ತಿದ್ದವಳು. ಅವಳನ್ನು ನೆನೆದರೆ ಎದೆಯೊಳಗೆ ಎಲ್ಲಿಯೋ ತಣ್ಣಗಾಗುತ್ತಿತ್ತು. ಅವಳು ಮಾತಾಡಿದ್ದಳು, ತಾನೂ ಆಡಿದ್ದೆ, ಆಡಿದ ಮೇಲೆ ಹಗುರಾಗಿತ್ತು. ಪಕ್ಕದ ಹಾಸಿಗೆಯವನು ಆ ದಿನಗಳಲ್ಲೇ ತೀರಿಕೊಂಡನೆಂದು ಆಮೇಲೆ ತಿಳಿದಾಗ, ಅವಳು ಆತನಿಗೆ ಸಂಬಂಧಪಟ್ಟವಳಿರಬೇಕು ಅಂದುಕೊಂಡ. ಇಲ್ಲವೆ ಸತ್ತವಳೇ ಯಾರೋ, ಕರೆದುಕೊಂಡು ಹೋಗಲು ಬಂದು, ಪಕ್ಕದವನನ್ನು ಕರೆದುಕೊಂಡು ಹೋದವಳು. ಹಗಲು ಹೊತ್ತಿನಲ್ಲಿ ಇದಕ್ಕೆ ನಗು ಬರುತ್ತಿತ್ತು. ಆದರೆ ಹಗಲು ಹೊತ್ತಿನಲ್ಲೇ ಅವಳು ಬರುತ್ತಿದ್ದಳು. ಸ್ನಾನದ ಮನೆಯಲ್ಲಿ ಎದೆಯ ಗೀರಿಗೆ ನೀರು ತಾಗಿಸಿಕೊಳ್ಳುವಾಗ ಬಾಗಿಲಾಚೆ ಅವಳು ಕೂತಿರುತ್ತಿದ್ದಳು. ಹೆಂಡತಿ ಅಡುಗೆಮನೆಯಲ್ಲಿ ಇರುವಾಗ ಇನ್ನೊಬ್ಬ ಹೆಂಗಸನ್ನು ಹೀಗೆ ಮನಸ್ಸಿನಲ್ಲಿ ಕೂರಿಸಿಕೊಂಡಿರುವುದಕ್ಕೆ ಅವನಿಗೆ ನಾಚಿಕೆಯಾಗುತ್ತಿತ್ತು, ಭಯವೂ ಆಗುತ್ತಿತ್ತು. ಅವಳ ಹೆಸರು ಹಿಡಿದು ಕರೆದೆನೋ? ಇವಳ ಎದುರಿಗೇ ಕರೆದೆನೋ?

ಭಾವಮೈದುನನನ್ನು ಕೇಳಿ ನೋಡಿದ್ದಾಗಿತ್ತು. ಅವನು ಬಾಯಿಬಡುಕ, ಹೊಟ್ಟೆಯಲ್ಲಿ ಮಾತು ನಿಲ್ಲದವನು. "ಭಾವ, ನೀವು ಅಲ್ಲೂ ರಜಾ ತಗೊಳ್ಳಲಿಲ್ಲ ಕಣ್ರೀ, ಮಲಗಿದಲ್ಲೇ ಡ್ಯೂಟಿ" ಎಂದು ಶುರುಮಾಡಿ ಕಿಸಕ್ಕನೆ ನಕ್ಕ. ನೀರು ತಂದಿಡುತ್ತಿದ್ದ ಅವಳು ತಮ್ಮನ ಮುಖವನ್ನೊಮ್ಮೆ ನೋಡಿದಳು, ಅಷ್ಟೇ. ಅವನು ನೀರು ಕುಡಿದು ಹವೆಯ ವಿಷಯ ಎತ್ತಿಕೊಂಡ. ಅಂಥ ಬಾಯಿಗೂ ಬೀಗ ಬಿತ್ತೆಂದರೆ ವಿಷಯ ಸಣ್ಣದಲ್ಲ. ಡ್ಯೂಟಿ ಎಂದರೆ ರೈಲು ನಿಲ್ದಾಣದ ವಿಚಾರಣೆ ಕೌಂಟರು. ಮೂವತ್ತು ವರ್ಷದಿಂದ ಅವನು ಗಾಜಿನ ಹಿಂದೆ ಕೂತು ಬಂದವರಿಗೆಲ್ಲ ಉತ್ತರ ಹೇಳಿದವನು. ಯಾವ ಗಾಡಿ, ಎಷ್ಟನೆಯ ಪ್ಲಾಟ್‌ಫಾರಂ, ತಡವಾದರೆ ಎಷ್ಟು ತಡ, ಕೈಗೂಸಿಗೆ ಹಾಲು ಎಲ್ಲಿ ಸಿಗುತ್ತದೆ. ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳುವ ಮುದುಕಿಗೆ ಐದನೆಯ ಸಲವೂ ಅದೇ ತಾಳ್ಮೆಯಿಂದ ಹೇಳುತ್ತಾನೆಂದು ಅವನ ಹೆಸರಾಗಿತ್ತು. ಒಮ್ಮೆ ಮನೆಗೆ ಬಂದಿದ್ದ ಸ್ಟೇಷನ್ ಮಾಸ್ಟರು ಅವಳ ಎದುರಿಗೆ ಅದನ್ನೇ ಹೊಗಳಿದಾಗ ಅವಳು ಕಾಫಿ ಲೋಟ ಎತ್ತಿಕೊಳ್ಳುತ್ತ, "ಹೌದಾ ಸಾರ್, ನಮ್ಮನೆ ಹತ್ರ ಅಂಥ ಕೌಂಟರ್ ಇಲ್ಲ ನೋಡಿ" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಅವನೂ ನಕ್ಕು, ಅವರು ಹೋದಮೇಲೆ, "ಬಂದೋರ ಮುಂದೆ ಏನು ಮಾತಾಡ್ಬೇಕು ಅಂತ ಗೊತ್ತಾಗಲ್ವಾ ನಿಂಗೆ" ಎಂದು ಗದರಿದ್ದ.

ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಒಬ್ಬ ಕಾಲೇಜು ಹುಡುಗಿ ಅವನನ್ನು ನೋಡಿ ಎದ್ದು ಸೀಟು ಕೊಟ್ಟಳು. ಬೇಡ ಎನ್ನುವ ಮೊದಲೇ ಹೆಂಡತಿ "ಕೂತ್ಕೊಳ್ಳಿ" ಎಂದಳು. ಕೂತ. ಅವಳು ಕಂಬ ಹಿಡಿದು ಪಕ್ಕದಲ್ಲಿ ನಿಂತಳು, ಇನ್ನೊಂದು ಕೈಯಲ್ಲಿ ಚೀಲ. ಚೀಲವನ್ನು ಇಲ್ಲಿ ಕೊಡು ಎಂದು ಕೈ ಚಾಚಿದ್ದಕ್ಕೆ, "ಭಾರ ಎತ್ತಬಾರದು ನೀವು" ಎಂದು ತನ್ನತ್ತ ಎಳೆದುಕೊಂಡಳು. ಆ ಚೀಲದಲ್ಲಿ ಎಷ್ಟು ಸೀರೆ ಇರಬಹುದು ಎಂದು ಅವನು ಅಳೆದ. ಎರಡಲ್ಲ. ಹೊಟ್ಟೆ ಉಬ್ಬಿಕೊಂಡ ಚೀಲ. ಕೇಳಿಬಿಡಲೇ ಈಗಲೇ ಎನ್ನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ತಾನು ಆಡಿದ್ದು ಏನೆಂದೇ ಗೊತ್ತಿಲ್ಲದವನು ಒಡೆದ ಚೂರುಗಳನ್ನು ಎಲ್ಲಿ ಹುಡುಕಬೇಕು. ಕೇಳಿದರೆ ಅವಳು ಹೇಳಿಬಿಟ್ಟಾಳು ಎಂಬ ಹೆದರಿಕೆಯೇ ದೊಡ್ಡದು. ಅವನು ಕಿಟಕಿಯಾಚೆ ನೋಡಿದ. ಅಂಗಡಿಗಳು ಷಟರ್ ಎತ್ತುತ್ತಿದ್ದವು, ಒಬ್ಬ ರಸ್ತೆಗೆ ನೀರು ಚಿಮುಕಿಸುತ್ತಿದ್ದ. ತನಗೆ ಹೀಗಾಗಿದೆಯೆಂದು ಯಾರಿಗೂ ಗೊತ್ತಿಲ್ಲದೆ ಎಲ್ಲ ನಡೆಯುತ್ತಿರುವುದು ಅವನಿಗೆ ಸಿಟ್ಟು ತರಿಸಿತು.

ಆಸ್ಪತ್ರೆಯ ವಿಚಾರಣೆಯಲ್ಲಿ ಕೂತಿದ್ದವನು ತಲೆ ಎತ್ತಲಿಲ್ಲ. "ಕವಾಟದ ಡಾಕ್ಟರು ಯಾವ ಕೋಣೆ?" ಎಂದು ಕೇಳಿದರೆ "ಬೋರ್ಡ್ ನೋಡ್ರೀ" ಎಂದ. ಬೋರ್ಡು ಎಲ್ಲಿ ಎಂದು ಕೇಳಿದ್ದಕ್ಕೆ ಬೆರಳನ್ನು ಎಲ್ಲಿಗೋ ತೋರಿಸಿದ. ಹೀಗಾ ಉತ್ತರ ಕೊಡೋದು, ಈ ಕುರ್ಚಿ ಅಂದರೆ ಏನು ಅಂತ ತಿಳ್ಕೊಂಡಿದೀಯಪ್ಪಾ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡ. ಗಾಜಿನ ಈಚೆ ನಿಂತಾಗ ಮನುಷ್ಯ ಎಷ್ಟು ಕುಳ್ಳಗಾಗುತ್ತಾನೆ. ಅವಳಾಗಲೇ ದಾರಿ ಹಿಡಿದಿದ್ದಳು. ಅವಳಿಗೆ ಬೋರ್ಡು ಬೇಕಿರಲಿಲ್ಲ, ಈ ಕಟ್ಟಡದ ಒಂದೊಂದು ತಿರುವೂ ಗೊತ್ತಿತ್ತು. ನೀರಿನ ನಲ್ಲಿ ಎಲ್ಲಿ, ಯಾವ ಲಿಫ್ಟು ಕೆಟ್ಟಿರುತ್ತದೆ, ಯಾವ ಕಾವಲುಗಾರ ಬಯ್ಯುತ್ತಾನೆ. ಅವಳ ಹಿಂದೆ ಹೋಗುತ್ತ, ತನಗೆ ತಿಳಿಯದ ಅವಳದೊಂದು ಊರು ಇಲ್ಲಿದೆ, ತಾನು ಇಲ್ಲದೆ ಅವಳು ಇಲ್ಲಿ ಎಷ್ಟೋ ದಿನ ಬಾಳಿದ್ದಾಳೆ ಎಂದು ಅವನಿಗೆ ಮೊದಲ ಸಲ ಹೊಳೆಯಿತು. ಹೊಳೆದದ್ದು ನಿಲ್ಲಲಿಲ್ಲ. ಓಣಿಯ ಉದ್ದಕ್ಕೂ ಬೆಂಚುಗಳಿದ್ದವು, ಅವನ ಕಣ್ಣು ಒಂದೊಂದರ ಮೇಲೂ ಆ ಹೆಂಗಸನ್ನು ಹುಡುಕುತ್ತಿತ್ತು.

ಅಂಗಿ ಬಿಚ್ಚಿ ಮಲಗಿಸಿ, ತಣ್ಣನೆಯ ಲೋಳೆ ಹಚ್ಚಿ, ಎದೆಯ ಮೇಲೆ ಯಂತ್ರ ಒತ್ತಿ ನೋಡಿದರು. ಕತ್ತರಿಸಿದ್ದ ಎದೆಗೂದಲು ಅರ್ಧಂಬರ್ಧ ಬೆಳೆದು, ನಡುವೆ ಗೀರು ಕೆಂಪಗೆ ಎದ್ದು, ತನ್ನ ಮೈ ತನಗೇ ಅಸಹ್ಯವಾಗಿತ್ತು. ಡಾಕ್ಟರು ಯಂತ್ರದ ಪರದೆಯನ್ನು ಅವನತ್ತ ತಿರುಗಿಸಿ, "ನೋಡಿ, ಹೊಸ ವಾಲ್ವ್ ಹೇಗೆ ಬಡೀತಿದೆ, ಸೋರಿಕೆ ಒಂದು ಹನಿ ಇಲ್ಲ" ಎಂದರು. ಮಗನ ಅಂಕಪಟ್ಟಿ ತೋರಿಸುವ ಅಪ್ಪನ ಸಂತೋಷ ಅವರಿಗೆ. ರಕ್ತ ತೆಳುಮಾಡುವ ಮಾತ್ರೆ ತಪ್ಪಿಸಬಾರದು, ಗಾಯ ಮಾಡಿಕೊಳ್ಳಬಾರದು, ಅಷ್ಟಾದರೆ ಇನ್ನೇನೂ ಯೋಚನೆಯಿಲ್ಲ. ಆಮೇಲೆ, ಆಪರೇಷನ್ ಆದವರೆಲ್ಲರನ್ನೂ ಕೇಳುವ ಪ್ರಶ್ನೆಗಳು ಬಂದವು. ಒಂದು ಮಹಡಿ ಹತ್ತಿದರೆ ಏದುಸಿರು ಬರುತ್ತಾ, ನಿದ್ದೆ ಹೇಗೆ, ಮರೆವು ಇದೆಯಾ. ಅವನು ಎಲ್ಲಕ್ಕೂ ಚೆನ್ನಾಗಿದೆ ಸಾರ್ ಎಂದ. ಡಾಕ್ಟರು ಅವಳತ್ತ ತಿರುಗಿದರು. "ನೀವು ಹೇಳಿಮ್ಮಾ. ಆಗ ಸ್ವಲ್ಪ ಗಲಿಬಿಲಿ ಆಗಿತ್ತಲ್ಲ ಇವರಿಗೆ. ಈಗ ಸ್ವಭಾವದಲ್ಲಿ ಏನಾದ್ರೂ ವ್ಯತ್ಯಾಸ ಕಾಣುತ್ತಾ?" ಈಗ ಹೇಳುತ್ತಾಳೆ. ಅವಳು ಚೀಲದ ಹಿಡಿಯನ್ನು ಸರಿಮಾಡಿಕೊಂಡಳು. "ಇಲ್ಲ ಸಾರ್. ಮೊದಲಿನ ಹಾಗೇ ಇದ್ದಾರೆ." "ನಮಗೆ ಬೇಕಾಗಿರೋದು ಅದೇ" ಎಂದು ಡಾಕ್ಟರು ನಕ್ಕು ಕೈ ಕುಲುಕಿದರು.

ಮೊದಲಿನ ಹಾಗೇ. ಆ ಮಾತಿನಲ್ಲಿ ದೂರಿರಲಿಲ್ಲ, ಸಂತೋಷವಂತೂ ಇರಲಿಲ್ಲ. ಸತ್ತವರ ವಿಷಯ ಹೇಳುವಾಗಿನ ದನಿ ಅದು ಎನ್ನಿಸಿತು ಅವನಿಗೆ. ಹೊರಗೆ ಬಂದು, ಆಸ್ಪತ್ರೆಯ ಗೇಟಿನ ಪಕ್ಕದ ಬಸ್ ನಿಲ್ದಾಣದಲ್ಲಿ ಇಬ್ಬರೂ ಬೆಂಚಿನ ಮೇಲೆ ಕೂತರು. ಅಕ್ಕನ ಮನೆಯ ಕಡೆಯ ಬಸ್ಸು ಇಲ್ಲಿಂದಲೇ. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯಿಂದ ಹಿಡಿದುಕೊಂಡು, ರಸ್ತೆಯ ತುದಿಯನ್ನು ನೋಡುತ್ತ ಕೂತಳು. ಅವನು ಅವಳನ್ನು ಓರೆಯಾಗಿ ನೋಡಿದ. ಮೊದಲು ಕೈಗಳನ್ನು ನೋಡಿದ. ಆಮೇಲೆ ಭುಜ ಮುಂದಕ್ಕೆ ಬಾಗಿದ ರೀತಿ. ನೀರು ಕುಡಿಯಬೇಕೆನ್ನಿಸಿತು, ಎದ್ದು ಹೋಗಬೇಕೆನ್ನಿಸಿತು, ಆದರೆ ಬಾಯಿಂದ ಬಂದದ್ದು ಬೇರೆ. "ಆಸ್ಪತ್ರೇಲಿ ನನ್ನ ಹಾಸಿಗೆ ಪಕ್ಕ ಬೆಂಚಿನ ಮೇಲೆ ಒಬ್ಬರು ಕೂತಿರ್ತಿದ್ರು. ಹೆಂಗಸು. ಯಾರು ಅವರು?"

ಅವಳು ಕೂಡಲೇ ತಿರುಗಲಿಲ್ಲ. "ನೆನಪಿದೆಯಾ ನಿಮಗೆ" ಎಂದಳು.

"ಮುಖ ನೆನಪಿಲ್ಲ."

"ಮುಖ ಆಗಲೂ ಗೊತ್ತಿರಲಿಲ್ಲ ನಿಮಗೆ. ನಾನೇ ಅದು." ಬೇರೆ ಯಾರದೋ ಕಥೆಯೆಂಬಂತೆ ಅವಳು ಹೇಳುತ್ತಾ ಹೋದಳು. ಐಸಿಯುನಿಂದ ವಾರ್ಡಿಗೆ ತಂದ ಬೆಳಿಗ್ಗೆ ನೀವು ಕಣ್ಣು ಬಿಟ್ಟು ನನ್ನನ್ನ ನೋಡಿ ಎಲ್ಲಿಗೆ ಹೋಗಬೇಕಮ್ಮ ಅಂದ್ರಿ. ನಾನು ತಮಾಷೆ ಅಂದ್ಕೊಂಡೆ. ಗಾಡಿ ತಡ ಇದೆ, ಚಳಿಯಲ್ಲಿ ಯಾಕೆ ಕೂತಿದೀರಿ, ಒಳಗೆ ಬನ್ನಿ ಅಂತ ನಿಮ್ಮ ಹೊದಿಕೆ ತೆಗೆದು ಕೊಡೋಕೆ ಬಂದ್ರಿ. ಊಟ ಆಯ್ತಾ ಅಂದ್ರಿ. ಆ ಕಡೆ ಸ್ಟೇಷನ್ನಿಗೆ ಕರ್ಕೊಂಡು ಹೋಗೋಕೆ ಯಾರಾದ್ರೂ ಬರ್ತಾರಾ, ಒಬ್ಬರೇ ಹೋಗಬೇಡಿ ಅಂದ್ರಿ. "ಅಷ್ಟು ಮರ್ಯಾದೆಯಾಗಿ ನನ್ನ ಜೊತೆ ಯಾರೂ ಮಾತಾಡಿಲ್ಲ ರೀ" ಎಂದು ಅವಳು ಸಣ್ಣಗೆ ನಕ್ಕಳು. "ನರ್ಸ್ ಬಂದು ಇವರು ಯಾರು ಹೇಳಿ ಅಂತ ನನ್ನನ್ನ ತೋರಿಸಿ ಕೇಳಿದ್ಲು. ನೀವು ಸುಮ್ನೆ ನಗ್ತಿದ್ರಿ. ನಾನೇ, ಇವರಿಗೆ ಗೊತ್ತು ಸಿಸ್ಟರ್, ಬೇಕಂತಲೇ ಹೇಳ್ತಿಲ್ಲ ಅಂದುಬಿಟ್ಟೆ. ಗೊತ್ತಾದ್ರೆ ಔಷಧಿ ಕೊಟ್ಟು ಸರಿ ಮಾಡಿಬಿಡ್ತಾರಲ್ಲ. ಇಡೀ ದಿನ ಮುಚ್ಚಿಟ್ಟೆ. ಮಾರನೇ ದಿನ ನನ್ನ ತಮ್ಮ ಬಂದು ನೋಡಿ ಗಾಬರಿಯಾಗಿ ಡಾಕ್ಟರನ್ನ ಕರ್ಕೊಂಡು ಬಂದ."

ಬಸ್ಸೊಂದು ಬಂತು. ಅವಳದಲ್ಲ. ಅದರ ಹೊಗೆಗೆ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಒಂದು ಮಾತು ಕೇಳ್ದೆ ನಿಮ್ಮನ್ನ. ಕೇಳಬಾರದಿತ್ತು. ನಿಮ್ಮ ಮನೆಯವರು ಹೇಗಿದ್ದಾರೆ ಅಂತ. ನೀವು ತುಂಬಾ ಹೊತ್ತು ಯೋಚನೆ ಮಾಡಿದ್ರಿ. ಆಮೇಲೆ, ಗೊತ್ತಿಲ್ಲಮ್ಮ, ಯಾವತ್ತೂ ಕೇಳಿಲ್ಲ ಅಂದ್ರಿ."

ಅವಳ ದನಿಯಲ್ಲಿ ಸಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಗದರಿಯೋ ಗೋಗರೆದೋ ಏನಾದರೂ ಮಾಡುತ್ತಿದ್ದ. ಸಿಟ್ಟಿರಲಿಲ್ಲ. ಎಷ್ಟು ದಿನದಿಂದ ಅವನು ತಾನಾಡಿದ ಕೆಟ್ಟ ಮಾತಿಗಾಗಿ ತಡಕಾಡಿದ್ದ. ಆಡಿದ್ದು ಒಳ್ಳೆಯ ಮಾತು, ಅದೂ ಯಾರೋ ಪ್ರಯಾಣಿಕಳಿಗೆ. ಅವಳು ಯಾರಿಗಾಗಿ ಮರುಗುತ್ತಿದ್ದಾಳೆಂದು ಈಗ ತಿಳಿಯಿತು. ಅಲ್ಲಿ ತೀರಿಕೊಂಡದ್ದು ಪಕ್ಕದ ಹಾಸಿಗೆಯವನೊಬ್ಬನೇ ಅಲ್ಲ. ಏನಾದರೂ ಹೇಳಬೇಕಿತ್ತು, ಬಸ್ಸು ಬರುವ ಮೊದಲು ಹೇಳಬೇಕಿತ್ತು. ಹೇಳುವುದಕ್ಕೆ ಇದ್ದದ್ದು ಒಂದೇ, ಅದನ್ನು ಅವಳೇ ಕೈಗಿಟ್ಟಿದ್ದಳು. ಅವನು "ನೀನು ಹೇಗಿದ್ದೀಯ?" ಎಂದು ಕೇಳಿದ.

ಅವಳು ತಿರುಗಿ ನೋಡಿದಳು. ಗೇಲಿ ಮಾಡುತ್ತಿದ್ದಾನೋ ಎಂದು ಮುಖ ಹುಡುಕಿದಳು. ಆಮೇಲೆ ತೊಡೆಯ ಮೇಲಿದ್ದ ಚೀಲವನ್ನು ಇಳಿಸಿ ಕಾಲ ಬಳಿ ಇಟ್ಟಳು. "ನಿಮ್ಮನ್ನ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ್ರಲ್ಲ, ಅವತ್ತು ಬೆಳಿಗ್ಗೆ ನಾನು ಸ್ನಾನಕ್ಕೆ ಅಂತ ಹೋದಾಗ ಕೈಗೆ ಏನೋ..." ಎಂದು ಶುರುಮಾಡಿದಳು. ಅವತ್ತು ಬೆಳಿಗ್ಗೆ. ಅವನಿಗೆ ಆ ಬೆಳಗು ಕಂಡಿತು. ಗಾಲಿಮಂಚದ ಮೇಲೆ ಅಂಗಾತ ಮಲಗಿದ್ದ, ಮೇಲಿನ ದೀಪಗಳು ಒಂದಾದಮೇಲೊಂದು ಹಿಂದಕ್ಕೆ ಹೋಗುತ್ತಿದ್ದವು, ಅವಳು ಪಕ್ಕದಲ್ಲಿ ನಡೆಯುತ್ತಿದ್ದಳು. ಬಾಗಿಲ ಹತ್ತಿರ ಅವಳು ಬಗ್ಗಿದಾಗ ಅವನು ಹೇಳಿದ್ದು "ಗ್ಯಾಸ್ ಆಫ್ ಮಾಡಿ ಬಂದಿದೀಯಾ" ಎಂದು. ಒಳಗೆ ಸತ್ತಿದ್ದರೆ ಅದೇ ಕೊನೆಯ ಮಾತು. ಎಂಥ ಮನುಷ್ಯ ನಾನು. ಊರಿಗೆ ಉಪಕಾರಿ, ಮನೆಗೆ ಮಾರಿ. ಗಾಜಿನ ಹಿಂದೆ ಕೂತು ಎಷ್ಟು ಸಾವಿರ ಜನಕ್ಕೆ ಅಮ್ಮಾ ಅಪ್ಪಾ ಎಂದೆ, ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನಾಲಿಗೆಯ ಎಲ್ಲ ನಯವೂ ಮುಗಿದಿರುತ್ತಿತ್ತು. ಮಾತು ಮಾರಿ ಬಂದವನಿಗೆ ಮನೆಯಲ್ಲಿ ಮಾತು ಬೇಡ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದೆ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತಿ ಬಂದ್ರಾ ಎನ್ನುತ್ತಿದ್ದಳು, ನಾನು ಹ್ಞೂಂ ಎನ್ನುತ್ತಿದ್ದೆ. ಪಾಪಿ. ಅವನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು, ಹೇಸಿಗೆಯ ಹಿಂದೆಯೇ ಕರುಣೆ ಬಂತು, ಎದೆ ಸೀಳಿಸಿಕೊಂಡ ಮನುಷ್ಯನಿಗೆ ಈ ವಯಸ್ಸಿನಲ್ಲಿ ಇಂಥದನ್ನು ಕೇಳುವ ಗತಿ ಬಂತಲ್ಲ ಎಂದು. ಇನ್ನು ಮೇಲೆ ಹಾಗಿರುವುದಿಲ್ಲ. ಅವಳು ವಾಪಸು ಬಂದ ದಿನ ತಾನೇ ಸ್ಟೇಷನ್ನಿನಿಂದ ಬೇಗ ಬಂದು ಬಾಗಿಲು ತೆಗೆದು, ಊಟ ಮಾಡಿದೆಯಾ ಎಂದು ಕೇಳುತ್ತೇನೆ. ಆಗ ಅವಳ ಮುಖ ಹೇಗಾಗುತ್ತದೆಂದು ನೆನೆಸಿಕೊಂಡಾಗ ಅವನ ಕಣ್ಣು ತುಂಬಿ ಬಂತು, ಒಂದು ಹನಿ ಕೆನ್ನೆಯ ಮೇಲೆ ಇಳಿದೇಬಿಟ್ಟಿತು. ಎಷ್ಟು ವರ್ಷವಾಗಿತ್ತು ಅತ್ತು.

"ಯಾರಿಗೂ ಹೇಳಿಲ್ಲ. ನಿಮಗೇ ಮೊದಲು ಹೇಳ್ತಿರೋದು" ಎಂದಳು ಅವಳು.

ಅವಳ ಬಲಗೈ ಎಡ ಕಂಕುಳ ಕೆಳಗೆ ಸೆರಗಿನ ಮೇಲೆ ಒತ್ತಿಕೊಂಡಿತ್ತು. ಅವನು ನೋಡುತ್ತಿದ್ದ ಹಾಗೆ ಅದನ್ನು ಇಳಿಸಿದಳು. ಅವಳ ಮುಖ ಕೆಂಪಾಗಿತ್ತು, ತುಂಬಾ ಹೊತ್ತು ಮಾತಾಡಿದವರ ಉಸಿರು ಇತ್ತು. ಒಂದು ಮಾತೂ ಅವನ ಕಿವಿಯ ಮೇಲೆ ಬಿದ್ದಿರಲಿಲ್ಲ.

ಅವನ ಕೆನ್ನೆಯ ಮೇಲಿನ ಹನಿಯನ್ನು ನೋಡಿದಳು. "ಅಯ್ಯೋ, ಅಳಬೇಡಿ ರೀ. ಎದೆಗೆ ಒಳ್ಳೇದಲ್ಲ" ಎಂದು ಅವನ ಕೈ ಹಿಡಿದುಕೊಂಡಳು. ಜನ ಓಡಾಡುವ ರಸ್ತೆಯಲ್ಲಿ ಅವಳು ಅವನ ಕೈ ಹಿಡಿದದ್ದು ಅದೇ ಮೊದಲು. ಬೆರಳುಗಳು ಬೆಚ್ಚಗಿದ್ದವು. ಈಗ ಹೇಳಬೇಕು, ಕೇಳಿಸಿಕೊಳ್ಳಲಿಲ್ಲ ಕಣೇ, ಇನ್ನೊಂದು ಸಲ ಹೇಳು ಎಂದು. ಆಗ ಈ ಕೈ ಬಿಟ್ಟುಹೋಗುತ್ತದೆ. ಅವನು ಆ ಕೈಯನ್ನು ನೋಡುತ್ತ ಕೂತ.

"ನೀವು ಹೀಗೆ ಕೇಳಿಸ್ಕೋತೀರಿ ಅಂತ ಗೊತ್ತಿದ್ರೆ ಮುಂಚೆಯೇ ಹೇಳ್ತಿದ್ದೆ. ಅಕ್ಕನ ಮನೇಲಿ ಒಬ್ಬಳೇ ಕೂತು ಯೋಚನೆ ಮಾಡೋಣ ಅಂತಿದ್ದೆ. ಈಗ ಹೆಚ್ಚು ದಿನ ಇರಲ್ಲ, ಬಂದುಬಿಡ್ತೀನಿ." ಅವಳ ಬಸ್ಸು ತಿರುವಿನಲ್ಲಿ ಕಂಡಿತು. ಅವಳು ಎದ್ದು ಚೀಲ ಎತ್ತಿಕೊಂಡಳು, ಒಮ್ಮೆ ಹಿಂದೆ ಆಸ್ಪತ್ರೆಯ ಗೇಟನ್ನು ನೋಡಿದಳು. "ಹಾಗಾದ್ರೆ ಏನು ಮಾಡ್ಲಿ? ನೀವೇ ಹೇಳಿ. ಇವತ್ತೇ ತೋರಿಸಿಬಿಡ್ಲಾ, ಅಕ್ಕನ ಮನೆಯಿಂದ ಬಂದ್ಮೇಲೆ ನೋಡಿದ್ರೆ ಸಾಕಾ?"

ಎದುರಿಗೆ ನಿಂತವರು ಕೇಳಿದಾಗ ಉತ್ತರ ಹೇಳದೆ ಕಳಿಸಿ ಅವನಿಗೆ ಅಭ್ಯಾಸವಿರಲಿಲ್ಲ.

"ಬಂದ್ಮೇಲೆ ನೋಡಿದ್ರೆ ಸಾಕು" ಎಂದ.

"ನನಗೂ ಹಾಗೇ ಅನ್ನಿಸಿತ್ತು" ಎಂದಳು. ಅವಳ ಮುಖದಿಂದ ಒಂದು ಭಾರ ಇಳಿದದ್ದು ಅವನಿಗೆ ಕಂಡಿತು. ಬಸ್ಸು ಹತ್ತಿದಳು, ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಡುವ ಮೊದಲು ಬಸ್ಸು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಮೂರು ಹೆಜ್ಜೆ ಹೋಗಿ ಗಾಜು ತಟ್ಟಿದ್ದರೆ ಆಗುತ್ತಿತ್ತು. ಅವಳು ಒಳಗಿನಿಂದ, ಮಾತ್ರೆ ಮರೀಬೇಡಿ ಎಂದು ಸನ್ನೆ ಮಾಡಿದಳು. ಅವನು ಆಗಲಿ ಎಂದು ತಲೆಯಾಡಿಸಿದ.